ಡ್ರೋನಿನ ಲೆಕ್ಕಕ್ಕೆ ಸಿಗದವರು



ಈಗ ಹಳೆಯ ಕಲ್ಲುಗಳ ಮೇಲೆ ಡ್ರೋನು ಹಾರುವ ಕಾಲ. ಹಂಪಿಯಂಥ ಜಾಗದ ಮೇಲೆ ನೇಗಿಲ ಸಾಲಿನ ಹಾಗೆ ಹೋಗಿಬಂದು ಅದು ನೂರಾರು ಫೋಟೋ ತೆಗೆಯುತ್ತದೆ. ಒಂದು ಫೋಟೋದ ಮುಕ್ಕಾಲು ಪಾಲು ಪಕ್ಕದ ಫೋಟೋದಲ್ಲೂ ಇರಬೇಕು. ಕಲ್ಲಿನ ಒಂದೇ ಮೂಲೆಯನ್ನು ಹಲವು ಕಡೆಯಿಂದ ನೋಡಿ ಕಂಪ್ಯೂಟರು ಎತ್ತರ, ಆಳ ಲೆಕ್ಕ ಹಾಕುತ್ತದೆ. ಲಕ್ಷಗಟ್ಟಲೆ ಚುಕ್ಕಿ ಸೇರಿ ಇಡೀ ಗುಡಿ ಪರದೆಯ ಮೇಲೆ ಎದ್ದು ನಿಲ್ಲುತ್ತದೆ. ಬಿರುಕು ಎಲ್ಲಿ ಬಿಟ್ಟಿದೆ, ಗೋಡೆ ಎಷ್ಟು ವಾಲಿದೆ, ಎಲ್ಲ ಗೊತ್ತಾಗುತ್ತೆ. ಒಳ್ಳೆಯದೇ. ಬೇಡ ಅನ್ನೋಕೆ ನಮಗೇನು ಹುಚ್ಚೆ?

ಆದರೆ ಈ ಯಂತ್ರದ ಒಂದು ಗುಣ ಕೇಳಿ. ಕದಲದೆ ನಿಂತದ್ದು ಮಾತ್ರ ಅದಕ್ಕೆ ದಕ್ಕುತ್ತದೆ. ನಡೆದಾಡುವವನು ಒಂದು ಫೋಟೋದಲ್ಲಿ ಇಲ್ಲಿ, ಇನ್ನೊಂದರಲ್ಲಿ ಅಲ್ಲಿ. ಚುಕ್ಕಿ ತಾಳೆಯಾಗುವುದಿಲ್ಲ, ಅವನು ಲೆಕ್ಕದಿಂದ ಬಿದ್ದುಹೋಗುತ್ತಾನೆ. 1856ರಲ್ಲಿ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ಹಂಪಿಯ ಫೋಟೋ ತೆಗೆದಾಗಲೂ ಹೀಗೇ. ಆಗಿನ ಕ್ಯಾಮೆರಾ ಬಹಳ ಹೊತ್ತು ತೆರೆದೇ ಇರಬೇಕಿತ್ತು, ಕದಲಿದವರು ಅಳಿಸಿಹೋಗುತ್ತಿದ್ದರು.

ಯಂತ್ರಕ್ಕೆ ಬುದ್ಧಿಯಿಲ್ಲ, ಬಿಡಿ. ಬುದ್ಧಿಯಿರುವವರು ಮಾಡಿದ್ದೇನು? ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನ ಸಾಲು ಮಂಟಪಗಳಲ್ಲಿ ಗೋಡೆ ಕಟ್ಟಿಕೊಂಡು ಜನ ಬದುಕಿದ್ದರು. ಅಂಗಡಿಯೂ ಅಲ್ಲೇ, ಒಲೆಯೂ ಅಲ್ಲೇ. 2011ರ ಜುಲೈನಲ್ಲಿ ಬುಲ್ಡೋಜರ್ ಬಂತು. ನೂರಾರು ಕುಟುಂಬಗಳು ಎದ್ದು ಹೋಗಬೇಕಾಯಿತು. ಅವರು ಬಾಳಿದ್ದಕ್ಕೆ ಆಳುವವರು ಇಟ್ಟ ಹೆಸರು ‘ಒತ್ತುವರಿ’. ಬಜಾರು ಅಂದರೇನು ಸ್ವಾಮಿ? ಮಾರುವವರು, ಕೊಳ್ಳುವವರು ಇದ್ದರೆ ತಾನೇ ಬಜಾರು! ಈಗ ಆ ಬೀದಿಯ ಮೇಲೆ ಡ್ರೋನು ಹಾರಿಸಿದರೆ ಖಾಲಿ ಕಂಬಗಳು ಚೊಕ್ಕವಾಗಿ ಮೂಡುತ್ತವೆ. ನೋಡಿದವರು ಇದೇ ಇತಿಹಾಸ ಅಂದುಕೊಳ್ಳುತ್ತಾರೆ. ದಾನ ಕೊಟ್ಟವನ ಹೆಸರು ಶಾಸನಕ್ಕೆ ಬಂತು, ಬಂಡೆ ಎಳೆದವನ ಹೆಸರು ಬರಲಿಲ್ಲ. ಅದೇ ಪಂಕ್ತಿಭೇದ ಇವತ್ತು ಕಂಪ್ಯೂಟರಿನೊಳಗೂ ಬರಬೇಕೇ?

ನಮ್ಮ ಮಾತು ಇಷ್ಟೇ. ಮಂಟಪದ ಅಳತೆಯ ಜೊತೆಗೆ ಅಲ್ಲಿ ಬಾಳಿದವರ ಮಾತೂ ದಾಖಲಾಗಲಿ. ಜನರ ದುಡ್ಡಲ್ಲಿ ಮಾಡಿದ ಮಾದರಿ ಕಚೇರಿಯ ಕಪಾಟಲ್ಲಿ ಕೊಳೆಯದೆ ಊರ ಶಾಲೆಗೆ ಬರಲಿ.

ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಸರ್ಕಾರ ಮಾಡಲಿ ಅಂತ ಕೂರಬೇಡಿ. ನಿಮ್ಮೂರ ಹೊಲದ ಬದುವಲ್ಲಿ ವಾಲಿರುವ ವೀರಗಲ್ಲಿಗೆ ಡ್ರೋನು ಬೇಕಿಲ್ಲ. ಮೊಬೈಲು ಹಿಡಿದು ಸುತ್ತಲೂ ಹೆಜ್ಜೆಹೆಜ್ಜೆಗೆ ಫೋಟೋ ತೆಗೆದರೆ ಅದೇ ಲೆಕ್ಕದಲ್ಲಿ ಮಾದರಿ ಆಗುತ್ತದೆ. ಕೇರಿಯ ಗುಡಿ, ಬಾವಿ, ಸಮಾಧಿಗಳನ್ನೂ ಬಿಡಬೇಡಿ. ಅವುಗಳ ಕತೆ ಬಲ್ಲ ಅಜ್ಜಿಯರನ್ನು ಕೇಳಿ ಬರೆದಿಡಿ. ನಾವು ಬರೆದಿಡದಿದ್ದರೆ ನಾಳೆ ಬುಲ್ಡೋಜರ್ ಬಂದಾಗ ‘ಇಲ್ಲಿ ಬಾಳಿದ್ದೆವು’ ಅಂತ ತೋರಿಸೋಕೆ ನಮ್ಮ ಕೈಯಲ್ಲಿ ಒಂದು ಚೂರು ಕಾಗದವೂ ಇರುವುದಿಲ್ಲ.