ಮುದ್ರೆ ಒತ್ತುವ ಕೈ ಯಾರದು?

ಎಷ್ಟೇ ನ್ಯಾಯವಾದ ಅರ್ಜಿಯಿರಲಿ, ಅದರ ಮೇಲೊಂದು ಮುದ್ರೆ ಬೀಳುವವರೆಗೆ ಕಚೇರಿಯಲ್ಲಿ ಅದಕ್ಕೆ ಬೆಲೆಯಿಲ್ಲ. ಈ ಮಾತನ್ನು ನರಗುಂದದವರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಸಂಸ್ಥಾನಿಕ ಬಾಬಾಸಾಹೇಬ ಭಾವೆ ದತ್ತು ತೆಗೆದುಕೊಳ್ಳಲು ಕೇಳಿದ ಅನುಮತಿಯನ್ನು ಕಂಪನಿ ಸರ್ಕಾರ ತಳ್ಳಿಹಾಕಿತು. 1858ರ ಬಂಡಾಯದ ಹಿಂದಿದ್ದ ಸಿಟ್ಟಿನಲ್ಲಿ ಆ ನಿರಾಕರಣೆಗೆ ದೊಡ್ಡ ಪಾಲಿತ್ತು. 1980ರ ಜುಲೈ 21ರಂದು ಅದೇ ಊರಿನಲ್ಲಿ ರೈತರ ಮೇಲೆ ಗುಂಡು ಹಾರಿತು. ಆಗಲೂ ಮೂಲದಲ್ಲಿದ್ದುದು ಮಲಪ್ರಭಾ ಅಚ್ಚುಕಟ್ಟಿನ ಜಮೀನುಗಳ ಮೇಲೆ ಕಾಗದದಲ್ಲಿ ಹೇರಿದ ಬೆಟರ್‌ಮೆಂಟ್ ಲೆವಿ ಎಂಬ ಕರ. ಒತ್ತುವವನ ಕೈಯಲ್ಲಿ ಮುದ್ರೆಗೆ ಎಷ್ಟು ಬಲವಿದೆಯೆಂದು ಇಷ್ಟು ಕಂಡ ನೆಲಕ್ಕೆ, ಅಂಚೆಯಲ್ಲಿ ಕಳಿಸಲೆಂದೇ ಮಾಡುವ ಅಂಚೆ ಕಲೆ, ಅದರ ಜೊತೆಗಿನ ರಬ್ಬರ್ ಮುದ್ರೆಯ ಕಲೆ ಬರೀ ಹವ್ಯಾಸವಾಗಿ ಕಾಣಬಾರದು. ಆಳುವವರ ಉಪಕರಣವನ್ನು ಆಳಿಸಿಕೊಂಡವರ ಕೈಗೆ ಕೊಟ್ಟ ಕಲೆ ಅದು. ದೊಡ್ಡ ಗ್ಯಾಲರಿಗಳಿಂದ ದೂರವಿರುವ ರೋಣ, ನರಗುಂದ, ಗಜೇಂದ್ರಗಡಗಳಿಗೆ ಅದು ಹೇಳಿ ಮಾಡಿಸಿದಂತಿದೆ ಎಂಬುದು ನನ್ನ ವಾದ.

ಈ ಕಲೆಯ ಹಿರಿಯನೆಂದು ಎಲ್ಲರೂ ಒಪ್ಪುವವನು ಅಮೆರಿಕದ ರೇ ಜಾನ್ಸನ್ (1927–1995). ಚಿತ್ರಗಳನ್ನು ಕತ್ತರಿಸಿ ಅಂಟಿಸಿ, ಮೇಲೆ ರಬ್ಬರ್ ಮುದ್ರೆ ಒತ್ತಿ, ಲಕೋಟೆಯಲ್ಲಿಟ್ಟು ಪರಿಚಿತರಿಗೂ ಅಪರಿಚಿತರಿಗೂ ಕಳಿಸುತ್ತಿದ್ದ. ಇದಕ್ಕೆ ನಿಮ್ಮದೇನಾದರೂ ಸೇರಿಸಿ, ಮರಳಿಸಿ ಅಥವಾ ಇಂಥವರಿಗೆ ಮುಟ್ಟಿಸಿ ಎಂದು ಕೋರುತ್ತಿದ್ದ. ಹೀಗೆ ಬೆಳೆದ ಪತ್ರಬಳಗಕ್ಕೆ 1970ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಬಾಗಿಲು ತೆರೆಯಿತು. ಗೋಡೆಗೆ ಬಂದದ್ದು ಅವನ ಕರೆಗೆ ಓಗೊಟ್ಟು ನೂರಕ್ಕೂ ಹೆಚ್ಚು ಮಂದಿ ಅಂಚೆಯಲ್ಲಿ ಕಳಿಸಿದ ಕಾಗದಗಳು. ಮುಂದೆ ಅಂಚೆ ಕಲೆಯ ಪ್ರದರ್ಶನಗಳಿಗೆ ಒಂದು ರೂಢಿಯೇ ಬೆಳೆಯಿತು: ಪ್ರವೇಶ ಶುಲ್ಕವಿಲ್ಲ, ತೀರ್ಪುಗಾರರಿಲ್ಲ, ಬಂದದ್ದನ್ನೆಲ್ಲ ತೂಗುಹಾಕಬೇಕು. ಊರು ಯಾವುದು, ಗುರು ಯಾರು ಎಂದು ಕೇಳದ ಇಂಥ ಬಾಗಿಲು ಕಲಾಲೋಕದಲ್ಲಿ ಅಪರೂಪ. ಆ ಬಾಗಿಲನ್ನು ಆಳುವವರು ಲಘುವಾಗಿ ಎಣಿಸಲಿಲ್ಲ ಎನ್ನುವುದಕ್ಕೆ ಉರುಗ್ವೆಯ ಕ್ಲೆಮೆಂತೆ ಪದೀನ್ ಸಾಕ್ಷಿ. ಅಲ್ಲಿನ ಸರ್ವಾಧಿಕಾರಿ ಆಡಳಿತ 1977ರಲ್ಲಿ, ಸೇನೆಯ ಮರ್ಯಾದೆಗೆ ಧಕ್ಕೆ ತಂದನೆಂಬ ಆರೋಪ ಹೊರಿಸಿ ಈ ಅಂಚೆ ಕಲಾವಿದನನ್ನು ಸೆರೆಗೆ ಹಾಕಿತು. ಬಿಡುಗಡೆಗಾಗಿ ದೇಶದೇಶಗಳ ಅಂಚೆ ಕಲಾವಿದರು ಪತ್ರ ಬರೆದರು. ಅಂಗೈಯಗಲದ ಕಾಗದಕ್ಕೆ ಒಂದು ಸರ್ಕಾರ ಹೆದರಿತೆಂದರೆ, ಅದನ್ನು ಮಕ್ಕಳಾಟ ಎಂದು ತಳ್ಳಿಹಾಕುವುದು ಹೇಗೆ?

ಒತ್ತಿದ್ದನ್ನೇ ಮತ್ತೆ ಮತ್ತೆ ಒತ್ತುವುದರಲ್ಲಿ ಸ್ವಂತಿಕೆ ಎಲ್ಲಿದೆ ಎಂಬ ಆಕ್ಷೇಪವಿದೆ. ಉತ್ತರ ಗಜೇಂದ್ರಗಡದ ಹತ್ತಿರದಲ್ಲೇ ಸಿಗುತ್ತದೆ. ಕಲ್ಯಾಣ ಚಾಲುಕ್ಯರ ಮುಖ್ಯ ಟಂಕಸಾಲೆಗಳು ಎರಡು, ಲಕ್ಕುಂಡಿ ಮತ್ತು ಸೂಡಿ. ತೆಳುವಾದ, ಅಗಲವಾದ ಚಿನ್ನದ ಬಿಲ್ಲೆಯ ಮೇಲೆ ಸಿಂಹ, ಕಮಲ, ಕನ್ನಡದ ಶ್ರೀ, ದೊರೆಯ ಬಿರುದು ಇವನ್ನು ಬೇರೆ ಬೇರೆ ಅಚ್ಚುಗಳಿಂದ ಒತ್ತಿ ಅವರು ನಾಣ್ಯ ಮಾಡುತ್ತಿದ್ದರು. ಅಚ್ಚು ಅದೇ ಆದರೂ ಪೆಟ್ಟು ಬಿದ್ದ ಜಾಗ, ಓರೆ, ಆಳ ಬೇರೆಯಾದುದರಿಂದ ಒಂದು ನಾಣ್ಯದಂತೆ ಇನ್ನೊಂದಿಲ್ಲ. ರಬ್ಬರ್ ಮುದ್ರೆಯ ಕಲಾವಿದನ ಕೆಲಸವೂ ಇದೇ ಜಾತಿಯದು. ಶಾಲೆಯ ಮಕ್ಕಳು ಬಳಸುವ ರಬ್ಬರ್ ತುಂಡಿನ ಮೇಲೆ ಅಕ್ಷರವನ್ನು ತಿರುಗುಮುರುಗಾಗಿ ಬರೆದು, ಬ್ಲೇಡಿನಿಂದ ಸುತ್ತಲಿನ ಭಾಗವನ್ನು ಕೆತ್ತಿ ತೆಗೆಯಬೇಕು. ಕನ್ನಡದಲ್ಲಿ ಇದು ಇನ್ನೂ ನಾಜೂಕು. ತಲೆಕಟ್ಟಿನ ಬಾಗು ಉಳಿಯಬೇಕು, ಒತ್ತಕ್ಷರದ ಸಣ್ಣ ಸುರುಳಿ ಮುರಿಯಬಾರದು, ಸೊನ್ನೆಯ ಒಳಗಿನ ಬಯಲು ಶಾಯಿಯಿಂದ ತುಂಬಿಕೊಳ್ಳಬಾರದು. ಪ್ಯಾಡಿನ ಶಾಯಿ ಹೆಚ್ಚಾದರೆ ಅಂಚು ಹರಡುತ್ತದೆ, ಕಡಿಮೆಯಾದರೆ ಅಕ್ಷರ ಅರ್ಧ ಮೂಡುತ್ತದೆ. ಇಷ್ಟೆಲ್ಲ ತೀರ್ಮಾನ ಮಾಡುವ ಕೈಗೆ ಸ್ವಂತಿಕೆಯಿಲ್ಲ ಎನ್ನುವುದು ತಪ್ಪಾಗುತ್ತದೆ.

ಅಂಚೆಯೇ ಹಿಂದೆ ಸರಿಯುತ್ತಿರುವಾಗ ಅಂಚೆ ಕಲೆ ಏಕೆ ಎನ್ನುವವರ ಮಾತಿನಲ್ಲಿ ಹುರುಳಿದೆ. ರಿಜಿಸ್ಟರ್ಡ್ ಪೋಸ್ಟ್ ಕೂಡ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಆದರೆ ಐವತ್ತು ಪೈಸೆಯ ಕಾರ್ಡು ಇನ್ನೂ ಇದೆ, ಅದನ್ನು ಮನೆಗೆ ಮುಟ್ಟಿಸುವ ಪೋಸ್ಟ್‌ಮ್ಯಾನ್ ಇದ್ದಾನೆ. ವಾಟ್ಸ್‌ಆ್ಯಪಿನಲ್ಲಿ ಬಂದ ಚಿತ್ರ ಸಂಜೆಯ ಹೊತ್ತಿಗೆ ನೂರು ಚಿತ್ರಗಳ ಅಡಿ ಹೂತುಹೋಗುತ್ತದೆ. ಹೆಸರು ಬರೆದು ಕಳಿಸಿದ ಕಾರ್ಡನ್ನು ಜನ ಇಂದಿಗೂ ಎತ್ತಿಡುತ್ತಾರೆ. ಇನ್ನು ಕೆಲವರು, ಅಂಚೆ ಇಲಾಖೆಯೇ ನಮ್ಮವರನ್ನು ಚೀಟಿಯ ಮೇಲೆ ತರುತ್ತದಲ್ಲ ಎನ್ನಬಹುದು. ತಂದದ್ದು ನಿಜ. 2014ರ ಸೆಪ್ಟೆಂಬರ್ 3ರಂದು ಬಂದ ಸಂಗೀತಗಾರರ ಎಂಟು ಅಂಚೆಚೀಟಿಗಳಲ್ಲಿ ರೋಣದ ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರ, ಕುಮಾರ ಗಂಧರ್ವ ಹೀಗೆ ನಾಲ್ವರು ಉತ್ತರ ಕರ್ನಾಟಕದವರೇ. ಅದು ಹೆಮ್ಮೆಯ ಸಂಗತಿ. ಆದರೆ ಚೀಟಿಯ ಮೇಲೆ ಯಾರು ಬರಬೇಕೆಂಬ ತೀರ್ಮಾನ ದೆಹಲಿಯದು. ಹಾಲು ಕರೆಯುವ ಹೆಂಗಸು, ಮಗ್ಗದ ನೇಕಾರ, ಬತ್ತಿದ ಹಳ್ಳ ಯಾವ ಆಯ್ಕೆ ಸಮಿತಿಗೂ ಸುಲಭಕ್ಕೆ ಕಾಣುವುದಿಲ್ಲ. ಯಾವುದು ಮುದ್ರೆಗೆ ತಕ್ಕದ್ದು ಎಂಬುದನ್ನು ಊರಿನವರೇ ಹೇಳುವ ಹಕ್ಕು ಅಂಚೆ ಕಲೆಯಲ್ಲಿದೆ.

ಆ ಹಕ್ಕನ್ನು ಚಲಾಯಿಸಲು ದೊಡ್ಡ ಹಣ ಬೇಡ. ಮೂರೂ ತಾಲ್ಲೂಕುಗಳ ಚಿತ್ರಕಲಾ ಶಿಕ್ಷಕರು ಮಕ್ಕಳಿಗೆ ರಬ್ಬರ್ ಕೆತ್ತುವುದನ್ನು ಕಲಿಸಲಿ. ಸೂಡಿಯ ಗುಡಿ, ಗಜೇಂದ್ರಗಡದ ಸೀರೆಯ ಅಂಚು, ನರಗುಂದದ ಗುಡ್ಡ ಅವರ ಕಾರ್ಡುಗಳ ಮೇಲೆ ಮೂಡಲಿ. ದೊಡ್ಡವರಿಗೂ ಇದರಲ್ಲಿ ಕೆಲಸವಿದೆ. ಮಹದಾಯಿ ನದಿಯ ನೀರಿಗಾಗಿ ನರಗುಂದದಲ್ಲಿ ಧರಣಿ ಶುರುವಾದದ್ದು 2015ರ ಜುಲೈನಲ್ಲಿ. 1980ರ ನೆನಪಿನ ತಿಂಗಳೂ ಅದೇ. ಪ್ರತಿ ಜುಲೈಯಲ್ಲಿ ಈ ಸೀಮೆಯ ರೈತರು ತಾವೇ ಕೆತ್ತಿದ ಮುದ್ರೆ ಒತ್ತಿದ ಕಾರ್ಡುಗಳನ್ನು ವಿಧಾನಸೌಧಕ್ಕೂ ದೆಹಲಿಗೂ ಹಾಕಲಿ. ಕಾರ್ಡಿನಿಂದಲೇ ನೀರು ಬರುತ್ತದೆಂದು ನಾನು ಹೇಳುತ್ತಿಲ್ಲ. ಮುದ್ರೆ ಬೀಳಲೆಂದು ತಲೆಮಾರುಗಳಿಂದ ಕಾದವರು ತಾವೇ ಮುದ್ರೆ ಒತ್ತಲು ಕಲಿತರೆ, ಅರ್ಜಿದಾರರಾಗಿ ಮಾತ್ರ ಉಳಿಯುವುದಿಲ್ಲ. ಒಂದು ಕಲೆಯಿಂದ ಇದಕ್ಕಿಂತ ಹೆಚ್ಚಿನದನ್ನು ಕೇಳಬೇಕಾದ ಅಗತ್ಯವೂ ಇಲ್ಲ.