ಇನ್ನೊಂದು ಭೂಮಿಗೆ ಟಿಕೆಟ್: ನಾನೂರು ವರ್ಷದ ಲೆಕ್ಕ

ನಾನೂರು ವರ್ಷಗಳ ನಂತರ ನಿಮ್ಮ ವಂಶದವರಿಗೆ ಒಂದು ಲಕ್ಷ ಕೋಟಿ ಡಾಲರ್ ಖಂಡಿತ ಸಿಗುತ್ತದೆ ಎಂದು ಯಾರಾದರೂ ಬಾಂಡ್ ಬರೆದುಕೊಟ್ಟರೆ, ಅದಕ್ಕೆ ಇವತ್ತು ಎಷ್ಟು ಕೊಡಬಹುದು? ವರ್ಷಕ್ಕೆ ಶೇ. 5ರಂತೆ ಡಿಸ್ಕೌಂಟ್ ಮಾಡಿದರೆ ಉತ್ತರ ಸುಮಾರು 3,300 ಡಾಲರ್. ಮಿಸ್ಸಿಸಾಗದಲ್ಲೋ ಬ್ರಾಂಪ್ಟನ್‌ನಲ್ಲೋ ಮನೆ ಕೊಂಡಿರುವ ನಮ್ಮಲ್ಲಿ ಹಲವರ ಒಂದು ತಿಂಗಳ ಮಾರ್ಟ್‌ಗೇಜ್ ಕಂತು ಹೆಚ್ಚುಕಡಿಮೆ ಅಷ್ಟೇ.

ನಾನೂರು ವರ್ಷ ಎಂಬ ಸಂಖ್ಯೆಯನ್ನು ಸುಮ್ಮನೆ ಆರಿಸಿಕೊಂಡಿಲ್ಲ. "ಭೂಮಿಯಂಥ ಗ್ರಹ ಪತ್ತೆ" ಎಂಬ ಸುದ್ದಿ ಬಂದಾಗಲೆಲ್ಲ ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಎರಡು ಮಾತು ಬರುತ್ತವೆ. "ಇಲ್ಲಿ ರಸ್ತೆಗುಂಡಿ ಮುಚ್ಚೋಕೆ ದುಡ್ಡಿಲ್ಲ, ಅಲ್ಲಿಗ್ಯಾಕೆ?" ಎನ್ನುವವರು ಕೆಲವರು. "ಈ ಭೂಮಿ ಹಾಳಾಯ್ತು, ಮಕ್ಕಳಿಗೆ ಇನ್ನೊಂದು ಬೇಕೇಬೇಕು" ಎನ್ನುವವರು ಇನ್ನು ಕೆಲವರು. ಎರಡೂ ಹಣಕಾಸಿನ ವಾದಗಳೇ. ಹಾಗಾಗಿ ಇದನ್ನು ನಾವು ಬೇರೆ ಯಾವುದೇ ಪ್ರಾಜೆಕ್ಟ್ ನೋಡುವಂತೆಯೇ ನೋಡೋಣ: ದೂರ ಎಷ್ಟು, ಖರ್ಚು ಎಷ್ಟು, ದುಡ್ಡು ಕೊಡುವವರು ಯಾರು, ಫಲ ಯಾರಿಗೆ, ಯಾವಾಗ?

ದೂರ

ಇಸ್ರೋದ ಗಗನಯಾನವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳೋಣ. ಅದನ್ನು ನಡೆಸುತ್ತಿರುವ ಮಾನವ ಬಾಹ್ಯಾಕಾಶ ಯಾನ ಕೇಂದ್ರ ಬೆಂಗಳೂರಿನಲ್ಲಿದೆ. ಮೂವರನ್ನು ಮೂರು ದಿನದ ಮಟ್ಟಿಗೆ ಸುಮಾರು 400 ಕಿ.ಮೀ. ಎತ್ತರಕ್ಕೆ ಕಳಿಸಿ ಕ್ಷೇಮವಾಗಿ ಇಳಿಸುವುದು ಅದರ ಗುರಿ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಇರುವಷ್ಟು ದೂರ. ಭಾರತೀಯ ಬಾಹ್ಯಾಕಾಶ ನಿಲ್ದಾಣದ ಮೊದಲ ಘಟಕವನ್ನೂ ಸೇರಿಸಿ 2024ರಲ್ಲಿ ಒಪ್ಪಿಗೆಯಾದ ಒಟ್ಟು ಮೊತ್ತ 20,193 ಕೋಟಿ ರೂಪಾಯಿ.

ಸೂರ್ಯನನ್ನು ಬಿಟ್ಟರೆ ನಮಗೆ ಅತ್ಯಂತ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ಅದರ ಸುತ್ತ ಒಂದು ಗ್ರಹವಿದೆ ಎಂದು 2016ರಲ್ಲಿ ಗೊತ್ತಾಯಿತು. ದೂರ 4.24 ಜ್ಯೋತಿರ್ವರ್ಷ, ಅಂದರೆ ಸುಮಾರು 40 ಲಕ್ಷ ಕೋಟಿ ಕಿ.ಮೀ. ಗಗನಯಾನ ಏರುವ ಎತ್ತರದ ಹತ್ತು ಸಾವಿರ ಕೋಟಿ ಪಟ್ಟು. 1977ರಲ್ಲಿ ಹೊರಟ ವಾಯೇಜರ್-1ರ ವೇಗದಲ್ಲಿ ಹೋದರೆ ಅಲ್ಲಿಗೆ ಸುಮಾರು 75 ಸಾವಿರ ವರ್ಷ ಬೇಕು. ಮನುಷ್ಯ ಮಾಡಿದ ಅತಿ ವೇಗದ ನೌಕೆ ಪಾರ್ಕರ್ ಸೋಲಾರ್ ಪ್ರೋಬ್, ಸೂರ್ಯನ ಸೆಳೆತದ ಬಲದಿಂದ ಸೆಕೆಂಡಿಗೆ 192 ಕಿ.ಮೀ. ಮುಟ್ಟಿತು. ಆ ವೇಗವನ್ನೇ ಉಳಿಸಿಕೊಂಡರೂ 6,600 ವರ್ಷ. ಅದರ ಹದಿನೈದು ಪಟ್ಟಿಗೂ ಹೆಚ್ಚು, ಅಂದರೆ ಬೆಳಕಿನ ವೇಗದ ಶೇ. 1ರಲ್ಲಿ ಸಾಗಿದರೆ 424 ವರ್ಷ. ನನ್ನ ನಾನೂರು ಬಂದದ್ದು ಅಲ್ಲಿಂದ.

ಇನ್ನು "ಭೂಮಿಯಂಥ" ಎಂಬ ಮಾತನ್ನು ರಿಯಲ್ ಎಸ್ಟೇಟ್ ಜಾಹೀರಾತು ಓದಿದಂತೆ ಓದಬೇಕು. ಗಾತ್ರ ಹೋಲುತ್ತದೆ, ನೀರು ದ್ರವವಾಗಿ ಇರಬಹುದಾದ ದೂರದಲ್ಲಿದೆ, ಇಷ್ಟೇ ಅದರ ಅರ್ಥ. ಗ್ರಹಗಳ ವಾತಾವರಣವನ್ನು ದೂರದಿಂದಲೇ ಓದುವ ವಿಧಾನಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಸಾರಾ ಸೀಗರ್ ನಮ್ಮ ಟೊರೊಂಟೊದಲ್ಲೇ ಹುಟ್ಟಿ, ಇಲ್ಲಿನ ವಿಶ್ವವಿದ್ಯಾಲಯದಲ್ಲೇ ಓದಿದವರು. ಆ ವಿಧಾನ ಇದ್ದರೂ ಪ್ರಾಕ್ಸಿಮಾದ ಗ್ರಹದಲ್ಲಿ ಗಾಳಿ ಇದೆಯೇ ಎಂಬುದು ಖಚಿತವಾಗಿಲ್ಲ. ಅದರ ಸೂರ್ಯ ಆಗಾಗ ಸಿಡಿಯುವ ಕೆಂಪು ಕುಬ್ಜ. ನಲವತ್ತು ಜ್ಯೋತಿರ್ವರ್ಷ ದೂರದ ಟ್ರಾಪಿಸ್ಟ್-1ರ ಏಳು ಗ್ರಹಗಳಲ್ಲಿ ಒಳಗಿನ ಎರಡರಲ್ಲಿ ದಟ್ಟ ವಾತಾವರಣ ಕಾಣಲಿಲ್ಲ ಎಂದು ಜೇಮ್ಸ್ ವೆಬ್ ದೂರದರ್ಶಕ 2023ರಲ್ಲಿ ತಿಳಿಸಿತು. ಮನೆಯ ಒಳಗೆ ಹೋಗಿ ನೋಡದೆ ಅಡ್ವಾನ್ಸ್ ಕೊಡುವವರು ಯಾರು?

ಖರ್ಚು

ಬೆಳಕಿನ ವೇಗದ ಶೇ. 10ಕ್ಕೆ ಒಂದು ಕಿಲೋ ಸಾಮಾನನ್ನು ಏರಿಸಲು ಬೇಕಾದ ಶಕ್ತಿ 12.5 ಕೋಟಿ ಯೂನಿಟ್. ಯೂನಿಟ್‌ಗೆ 10 ಸೆಂಟ್ ಹಿಡಿದರೆ ಕಿಲೋಗೆ 1.25 ಕೋಟಿ ಡಾಲರ್. ಎಂಜಿನ್‌ನಲ್ಲಿ ಒಂದಿಷ್ಟೂ ಶಕ್ತಿ ಪೋಲಾಗುವುದಿಲ್ಲ ಎಂಬ ಅಸಾಧ್ಯದ ಊಹೆ ಇದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ತೂಕ ಸುಮಾರು 420 ಟನ್. ತಲೆಮಾರುಗಟ್ಟಲೆ ಜನ ಬದುಕುವ ನೌಕೆ 10 ಸಾವಿರ ಟನ್ ಎಂದುಕೊಳ್ಳಿ. ಇಡೀ ಜಗತ್ತು ಏಳು ವರ್ಷ ಬಳಸುವಷ್ಟು ಶಕ್ತಿ ವೇಗ ಪಡೆಯಲಿಕ್ಕೇ ಬೇಕು. ಅಲ್ಲಿ ನಿಲ್ಲಬೇಕಾದರೆ ಬ್ರೇಕಿಗೆ ಮತ್ತೆ ಅಷ್ಟು.

ದೇಹದ ಖರ್ಚು ಬೇರೆ. ಕ್ಯೂರಿಯಾಸಿಟಿ ನೌಕೆ ಮಂಗಳಕ್ಕೆ ಹೋಗುವ ದಾರಿಯಲ್ಲಿ ಅಳೆದ ವಿಕಿರಣ ದಿನಕ್ಕೆ ಸುಮಾರು 1.8 ಮಿಲಿಸೀವರ್ಟ್. ನಮ್ಮ ಪಿಕರಿಂಗ್, ಡಾರ್ಲಿಂಗ್ಟನ್ ಅಣುಸ್ಥಾವರಗಳಲ್ಲಿ ದುಡಿಯುವವರಿಗೆ ಕೆನಡಾದ ಕಾನೂನು ಐದು ವರ್ಷಕ್ಕೆ ಬಿಡುವ ಮಿತಿ 100 ಮಿಲಿಸೀವರ್ಟ್. ಆ ದಾರಿಯಲ್ಲಿ ಅದು ಎರಡು ತಿಂಗಳೊಳಗೆ ಮುಗಿದುಹೋಗುತ್ತದೆ. ತೂಕರಹಿತ ಸ್ಥಿತಿಯಲ್ಲಿ ಮೂಳೆ ತಿಂಗಳಿಗೆ ಶೇ. 1ರಂತೆ ಸವೆಯುತ್ತದೆ. ಒಂದೇ ಬಾರಿಗೆ ಅತಿ ಹೆಚ್ಚು ಕಾಲ ಬಾಹ್ಯಾಕಾಶದಲ್ಲಿದ್ದ ದಾಖಲೆ ವಲೇರಿ ಪೊಲ್ಯಾಕೋವ್ ಅವರದು, 437 ದಿನ. ನಾವು ಕೇಳುತ್ತಿರುವುದು ಹದಿನೇಳು ತಲೆಮಾರು.

ಆ ಹದಿನೇಳರಲ್ಲಿ ಮೊದಲಿನವರು ಮಾತ್ರ ಸಹಿ ಹಾಕಿ ಹೊರಟವರು. ನಾವು ಕೂಡ ಮಕ್ಕಳನ್ನು ಕೇಳಿ ಊರು ಬಿಟ್ಟವರಲ್ಲ, ನಿಜ. ಆದರೆ ನಮ್ಮ ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಅಜ್ಜಿ ಮನೆ ಇದೆ, ಬೇಡವೆನಿಸಿದರೆ ವಾಪಸ್ ಹೋಗುವ ವಿಮಾನವಿದೆ. ಪ್ರಾಕ್ಸಿಮಾದಿಂದ "ಊಟ ಆಯ್ತಾ ಅಮ್ಮಾ?" ಎಂದು ಕೇಳಿದರೆ ಉತ್ತರ ಬರುವುದು ಎಂಟೂವರೆ ವರ್ಷಕ್ಕೆ.

ಕಾಯುವುದೇ ಲಾಭವೇ?

ಮನೆ ಬೆಲೆ ಇಳಿಯಲಿ ಎಂದು ಕಾಯುವವರಿಗೆ ಈ ಪ್ರಶ್ನೆ ಚೆನ್ನಾಗಿ ಗೊತ್ತು. ಈಗ ಹೊರಟ ನೌಕೆಯನ್ನು ನಾಳೆ ಹೊರಡುವ ವೇಗದ ನೌಕೆ ಹಿಂದೆ ಹಾಕಿದರೆ, ಮೊದಲು ಹೊರಟವರು ದಡ್ಡರಾಗುತ್ತಾರೆ. ಆಂಡ್ರ್ಯೂ ಕೆನಡಿ 2006ರಲ್ಲಿ ಬ್ರಿಟಿಷ್ ಇಂಟರ್‌ಪ್ಲಾನೆಟರಿ ಸೊಸೈಟಿಯ ಪತ್ರಿಕೆಯಲ್ಲಿ ಇದಕ್ಕೆ ಗಣಿತವನ್ನೇ ಕೊಟ್ಟರು. ಅದರ ಸಾರ ಚಕ್ರಬಡ್ಡಿಯ ಲೆಕ್ಕ: ವೇಗ ವರ್ಷಕ್ಕೆ ಶೇ. 1ರಂತೆ ಬೆಳೆಯುತ್ತಿದ್ದರೆ, ಪ್ರಯಾಣದ ಅವಧಿ ನೂರು ವರ್ಷಕ್ಕೆ ಇಳಿದಾಗ ಹೊರಡುವುದು ಲೇಸು. ಶೇ. 2 ಆದರೆ ಐವತ್ತಕ್ಕೆ ಇಳಿದಾಗ. ಪಾರ್ಕರ್ ವೇಗದಲ್ಲಿ ಇಂದೇ ಹೊರಟವರು 6,600 ವರ್ಷಕ್ಕೆ ತಲುಪುತ್ತಾರೆ. ಶೇ. 1ರ ಬೆಳವಣಿಗೆ ನಂಬಿ 420 ವರ್ಷ ಕಾದು ಹೊರಟವರು ಇಂದಿನಿಂದ 520 ವರ್ಷಕ್ಕೇ ಅಲ್ಲಿರುತ್ತಾರೆ.

ಕಾಗದದ ಮೇಲೆ ಕಾಯುವವನೇ ಗೆದ್ದ. ಆದರೆ ಆ ಶೇ. 1 ತಾನಾಗಿ ಬರುವುದಿಲ್ಲ. ಯಾರೋ ನೌಕೆ ಕಟ್ಟಬೇಕು, ಒಡೆಯಬೇಕು, ಮತ್ತೆ ಕಟ್ಟಬೇಕು. ಎಲ್ಲರೂ ಕಾಯುತ್ತ ಕೂತರೆ ಬೆಳವಣಿಗೆ ಸೊನ್ನೆ. ಅಲ್ಲಿಗೆ ಮತ್ತೆ ಅದೇ ಪ್ರಶ್ನೆ: ತಾನು ಕಾಣದ ಫಲಕ್ಕೆ ನಾನೂರು ವರ್ಷ ದುಡ್ಡು ಹಾಕುತ್ತ ಹೋಗುವವರು ಯಾರು?

ಕೆರೆಯ ಲೆಕ್ಕ

ಇದಕ್ಕೆ ನಮ್ಮವರಲ್ಲಿ ಒಂದು ಹಳೆಯ ಉತ್ತರವಿತ್ತು. ಕರ್ನಾಟಕದ ದಾನಶಾಸನಗಳಲ್ಲಿ ದಾನದ ಅವಧಿ "ಆಚಂದ್ರಾರ್ಕ", ಸೂರ್ಯ ಚಂದ್ರರು ಇರುವ ತನಕ. ಡಿಸ್ಕೌಂಟ್ ದರ ಸೊನ್ನೆ! ಒಪ್ಪಂದ ಮುರಿದವರಿಗೆ ದಂಡದ ಷರತ್ತೂ ಇತ್ತು: ದಾನವನ್ನು ಕಸಿದವನು 60 ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆ. ವಾಯೇಜರ್ ಪ್ರಾಕ್ಸಿಮಾದಷ್ಟು ದೂರ ಕ್ರಮಿಸಲು ಬೇಕಾದ ಕಾಲಕ್ಕೆ ಹತ್ತಿರ ಹತ್ತಿರ.

ಆದರೆ ಕೆರೆಗಳನ್ನು ಶತಮಾನಗಳ ಕಾಲ ಉಳಿಸಿದ್ದು ಶಾಪವಲ್ಲ ಎಂಬುದು ನನ್ನ ಅಭಿಪ್ರಾಯ. ಕೆರೆಗೆ "ಬಿತ್ತುವಟ್ಟ" ಇತ್ತು. ಅದರ ರಕ್ಷಣೆಗೆಂದೇ ಬಿಟ್ಟ ಭೂಮಿ, ಆದಾಯ. ಹೂಳೆತ್ತುವುದು, ಏರಿ ಭದ್ರ ಮಾಡುವುದು, ತೂಬು ರಿಪೇರಿ, ಎಲ್ಲಕ್ಕೂ ಹಣ ಬರುತ್ತಿದ್ದುದು ಕೆರೆಯ ನೀರಿನಿಂದ ಬೆಳೆದ ಬೆಳೆಯಿಂದ. ನೀರುಗಂಟಿಗೆ ಕೂಲಿಯೂ ಅಲ್ಲಿಂದಲೇ. ಪ್ರತಿ ತಲೆಮಾರು ತನ್ನ ಗದ್ದೆಗೆ ನೀರು ಪಡೆಯುತ್ತಿತ್ತು, ಆದ್ದರಿಂದ ಹೂಳೆತ್ತುತ್ತಿತ್ತು. ಹಾಗೆ ಎಂಟು ಒಂಬತ್ತು ಶತಮಾನ ಹಳೆಯದಾದ ಚನ್ನಗಿರಿಯ ಸೂಳೆಕೆರೆ ಇಂದಿಗೂ ನೀರು ಕೊಡುತ್ತಿದೆ.

ಬೆಂಗಳೂರಿನಲ್ಲಿ ಆದದ್ದು ಇದರ ತಿರುವುಮುರುವು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂತು. ನಲ್ಲಿಯಲ್ಲಿ ನೀರು ಬರತೊಡಗಿದ ಮೇಲೆ ಕೆರೆಯ ಹೂಳಿನ ಚಿಂತೆ ಯಾರಿಗೆ? ಧರ್ಮಾಂಬುಧಿ ಕೆರೆ ಇದ್ದ ಜಾಗ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ಹುಳುವಾಗಿ ಹುಟ್ಟುವ ಭಯ ಯಾರನ್ನೂ ತಡೆಯಲಿಲ್ಲ. ಕೆರೆ ಸತ್ತದ್ದು ಅದರ ಪಕ್ಕದ ಮನೆಯವರಿಗೆ ಅದು ಬೇಡವಾದ ದಿನ.

ಹಾಗಾದರೆ ದುಡ್ಡು ಎಲ್ಲಿ ಹಾಕಬೇಕು?

ಇನ್ನೊಂದು ಭೂಮಿಯ ಪ್ರಯಾಣಕ್ಕೂ ಇದೇ ನಿಯಮ. ನಾನೂರು ವರ್ಷದ ಕೊನೆಗೆ ಮಾತ್ರ ಫಲ ಕೊಡುವ ಯೋಜನೆ ನಾಲ್ಕನೇ ಚುನಾವಣೆಗೇ ನಿಲ್ಲುತ್ತದೆ. ದಾರಿಯುದ್ದಕ್ಕೂ ನೀರು ಕೊಡುವ ಯೋಜನೆ ಮಾತ್ರ ಮುಂದೆ ಸಾಗುತ್ತದೆ.

ಅಂಥದ್ದು ನಮ್ಮ ಸುತ್ತಲೇ ಇದೆ. ಟೊರೊಂಟೊದ ಸ್ಪಾರ್ ಏರೋಸ್ಪೇಸ್ ಕಟ್ಟಿದ ಕೆನಡಾರ್ಮ್ 1981ರಲ್ಲಿ ಮೊದಲ ಬಾರಿ ಹಾರಿತು. ಆ ರೋಬಾಟ್ ವಿದ್ಯೆ ಮುಂದೆ ಎಂಡಿಎ ಸಂಸ್ಥೆಯ ಮೂಲಕ ಬೆಳೆದು, ಕ್ಯಾಲ್ಗರಿಯಲ್ಲಿ ನ್ಯೂರೋಆರ್ಮ್ ಆಗಿ 2008ರಲ್ಲಿ ರೋಗಿಯೊಬ್ಬರ ಮೆದುಳಿನ ಗಡ್ಡೆ ತೆಗೆಯಲು ನೆರವಾಯಿತು. 2025ರಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣದಲ್ಲಿ ಮೊಳಕೆ ಬರಿಸಿದ ಹೆಸರುಕಾಳು, ಮೆಂತ್ಯದ ಪ್ರಯೋಗ ರೂಪುಗೊಂಡದ್ದು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಗಳಲ್ಲಿ. ನೂರಾರು ವರ್ಷ ಪ್ರಯಾಣ ಮಾಡುವವರು ಊಟ ತಾವೇ ಬೆಳೆದುಕೊಳ್ಳಬೇಕು. ಆ ವಿದ್ಯೆಯ ಮೊದಲ ಅಕ್ಷರ ಇದು. ಕಡಿಮೆ ನೀರು, ಕಡಿಮೆ ಜಾಗದಲ್ಲಿ ಬೆಳೆಯುವುದನ್ನು ಕಲಿತರೆ ಲಾಭ ಮೊದಲು ಇಲ್ಲಿಯವರಿಗೇ.

ಆದ್ದರಿಂದ ಗುಂಡಿ ಮುಚ್ಚಿ ಎನ್ನುವವರಿಗೆ ನನ್ನ ಉತ್ತರ: ಇಂಥ ಮೆಟ್ಟಿಲುಗಳಿಗೆ ತೆರಿಗೆ ಹಣ ಹೋಗಲಿ, ಅದು ದಂಡವಲ್ಲ. ಇನ್ನೊಂದು ಭೂಮಿಯನ್ನು ಇನ್ಶೂರೆನ್ಸ್ ಎಂದುಕೊಂಡವರಿಗೆ: ಪ್ರೀಮಿಯಂ ಮನೆಯ ಬೆಲೆಗಿಂತ ಹೆಚ್ಚಾದರೆ ಅದು ಇನ್ಶೂರೆನ್ಸ್ ಅಲ್ಲ. ಎಷ್ಟೇ ಕೆಟ್ಟರೂ ಈ ಭೂಮಿಯಲ್ಲಿ ಗಾಳಿ, ನೀರು, ಮಣ್ಣು ಇವೆ. ಇದನ್ನು ರಿಪೇರಿ ಮಾಡುವುದು ಪ್ರಾಕ್ಸಿಮಾಕ್ಕೆ ಹೋಗುವುದಕ್ಕಿಂತ ಯಾವಾಗಲೂ ಅಗ್ಗ. "ಬಾಹ್ಯಾಕಾಶವೇ ಭವಿಷ್ಯ" ಎಂದು ನಿಮ್ಮ ಟಿಎಫ್‌ಎಸ್‌ಎಗೆ ಷೇರು ಕೊಳ್ಳಲು ಹೊರಟವರಿಗೂ ಒಂದು ಮಾತು. ಆ ಕಂಪನಿಗೆ ಈ ವರ್ಷ ದುಡ್ಡು ಕೊಡುವ ಗಿರಾಕಿ ಯಾರು ಎಂದು ಮೊದಲು ನೋಡಿ. ಉಪಗ್ರಹ ಕೊಳ್ಳುವವರು, ರೋಬಾಟ್ ಕೈ ಕೊಳ್ಳುವವರು ಇದ್ದರೆ ಅದು ವ್ಯಾಪಾರ. ದೂರದ ಗ್ರಹದ ಚಿತ್ರ ಮಾತ್ರ ಇದ್ದರೆ, ನೀವು ಕೊಳ್ಳುತ್ತಿರುವುದು ಮೇಲೆ ಹೇಳಿದ 3,300 ಡಾಲರಿನ ಬಾಂಡ್, ಅದೂ ಗ್ಯಾರಂಟಿ ಇಲ್ಲದೆ.

ನಮ್ಮ ಜೀವಮಾನದಲ್ಲಿ ಯಾರೂ ಆ ಗ್ರಹದ ಮೇಲೆ ಕಾಲಿಡುವುದಿಲ್ಲ. ಕೆರೆ ಕಟ್ಟಿಸಿದವರೂ ಒಂಬೈನೂರು ವರ್ಷದ ನಂತರದ ಸುಗ್ಗಿ ನೋಡಲಿಲ್ಲ. ಆದರೆ ಕಟ್ಟಿದ ಮರುವರ್ಷವೇ ಅವರ ಗದ್ದೆಗೆ ನೀರು ಹರಿದಿತ್ತು.