ಅಕ್ಕ ಕೇಳಿದ್ದಕ್ಕೆ ಲಿಂಕ್ ಕಳಿಸಿದರೆ ಸಾಕೇ?

ಮನೆಯಲ್ಲಿ ಯಾರಿಗೆ ಏನು ಡೌಟ್ ಬಂದ್ರೂ, "ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಸ್ವಲ್ಪ ನೆಟ್‌ನಲ್ಲಿ ನೋಡಿ ಹೇಳು" ಅಂತಾರೆ. ಬಸುರಿ ಅಕ್ಕ "ಈ ಲಸಿಕೆ ಹಾಕಿಸ್ಕೋಬಹುದಾ?" ಎಂದು ಕೇಳಿದಾಗಲೂ ಅಷ್ಟೇ, ಮೊದಲು ಸಿಕ್ಕ ವಿಡಿಯೋ ಕಳಿಸಿ ಸುಮ್ಮನಾಗುತ್ತೇವೆ.

ಲಸಿಕೆಗೆ ಹಿಂಜರಿಯುವವರನ್ನು ದಡ್ಡರು ಅನ್ನೋದು ಸುಲಭ. ಆದರೆ ಕೋವಿಡ್ ಕಾಲ ನೆನಪಿಸಿಕೊಳ್ಳಿ. ನಮ್ಮ ದೇಶದಲ್ಲಿ ಲಸಿಕಾ ಅಭಿಯಾನ ಶುರುವಾಗಿದ್ದು 2021ರ ಜನವರಿ 16ರಂದು. ಆರಂಭದ ಪ್ರಯೋಗಗಳಲ್ಲಿ ಗರ್ಭಿಣಿಯರು ಇರಲಿಲ್ಲ. ಹಾಗಾಗಿ ಅವರಿಗೆ ಲಸಿಕೆ ಬೇಡ ಎಂದರು. ಕೇಂದ್ರ ಆರೋಗ್ಯ ಸಚಿವಾಲಯ ಒಪ್ಪಿದ್ದು ಜುಲೈ 2ಕ್ಕೆ. ಬೇಡ ಅಂದವರೇ ಐದೂವರೆ ತಿಂಗಳ ಮೇಲೆ ಹಾಕಿಸಿಕೊಳ್ಳಿ ಅಂದರೆ, ಯಾಕೆ ಅಂತ ಕೇಳೋದು ತಪ್ಪಾ? ಅದಕ್ಕೆ ಉತ್ತರ ಸಿಗದ ಮನೆಗಳಲ್ಲಿ ವಾಟ್ಸಾಪ್ ಉತ್ತರ ಕೊಟ್ಟಿತು.

ಸರಿಯಾದ ಉತ್ತರವೂ ಇತ್ತು. ಗರ್ಭಿಣಿಗೆ ಕೋವಿಡ್ ಬಂದರೆ ಕಾಯಿಲೆ ಉಲ್ಬಣಿಸುವ, ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯ ಹೆಚ್ಚು. ಲಸಿಕೆಯಿಂದ ತಾಯಿಯಲ್ಲಿ ಹುಟ್ಟುವ ಪ್ರತಿಕಾಯಗಳು ಮಗುವಿಗೂ ದಾಟುತ್ತವೆ. ಬಸುರಿಯರಿಗೆ ಕೊಡುವ ಟಿಡಿ ಚುಚ್ಚುಮದ್ದು ಹಸುಗೂಸನ್ನು ಧನುರ್ವಾಯುವಿನಿಂದ ಕಾಯುವುದೂ ಹೀಗೆಯೇ. ಇಷ್ಟನ್ನು ಎದುರು ಕೂತು ಹೇಳುವವರು ಬೇಕಿತ್ತು.

ಹಾಗಾಗಿ ಮುಂದಿನ ಸಲ ಲಿಂಕ್ ಕಳಿಸೋದು ಬೇಡ. "ನಂಗೊತ್ತಿಲ್ಲ, ಕೇಳೋಣ ಬಾ" ಅನ್ನೋಣ. ಅಕ್ಕನ ಡೌಟ್‌ಗಳನ್ನೆಲ್ಲ ಚೀಟಿಯಲ್ಲಿ ಬರೆದು ತಾಯಿ ಕಾರ್ಡ್ ಜೊತೆ ಇಟ್ಟು, ಚೆಕಪ್‌ಗೆ ನಾವೂ ಹೋಗೋಣ. ಡಾಕ್ಟರನ್ನೋ ಆಶಾ ಕಾರ್ಯಕರ್ತೆಯನ್ನೋ ಒಂದೊಂದಾಗಿ ಕೇಳೋಣ. ಹಾಕಿಸಿಕೊಳ್ಳುವುದೋ ಬಿಡುವುದೋ ಅಕ್ಕನ ತೀರ್ಮಾನ. ಅದು ನಾವು ಕಳಿಸಿದ ವಿಡಿಯೋ ಮೇಲೆ ನಿಲ್ಲಬಾರದು.